ಬೆಟ್ಟದಿಂದ ರಸ್ತೆಗಿಳಿದ ಸೈಕಲ್ಲು

ಸೈಕಲ್ ಅಂಗಡಿಯಲ್ಲಿ ಗಾಳಿ ಹೊಡೆಸಿದ ಮೇಲೆ ಹೆಬ್ಬೆರಳಿನಿಂದ ಟೈರನ್ನು ಒತ್ತಿ ನೋಡದವರು ಯಾರಿದ್ದಾರೆ? ಬೆರಳಿನಡಿ ಟೈರು ಸ್ವಲ್ಪ ತಗ್ಗಿದರೂ 'ಇನ್ನೂ ನಾಲ್ಕು ಪಂಪು ಹೊಡಿ' ಎನ್ನುತ್ತೇವೆ. ಕಲ್ಲಿನಂತಾದರೆ ಸಮಾಧಾನ. ಗಾಳಿ ಗಟ್ಟಿಯಾಗಿದ್ದಷ್ಟೂ ಸೈಕಲ್ಲು ಹಗುರವಾಗಿ ಓಡುತ್ತದೆ, ಟೈರು ಸಣ್ಣದಾದಷ್ಟೂ ವೇಗ ಹೆಚ್ಚುತ್ತದೆ ಎಂಬುದು ನಮ್ಮೆಲ್ಲರ ಅನುಭವದ ಮಾತು. ಯೂರೋಪಿನ ರಸ್ತೆ ಪಂದ್ಯಗಳ ವೃತ್ತಿಪರ ಸವಾರರೂ ದಶಕಗಳ ಕಾಲ ಇದನ್ನೇ ನಂಬಿದ್ದರು. ಹೆಬ್ಬೆರಳಿಗಿಂತ ತುಸು ದಪ್ಪ ಎನ್ನಬಹುದಾದ 23 ಮಿ.ಮೀ. ಅಗಲದ ಟೈರಿಗೆ ಚದರ ಅಂಗುಲಕ್ಕೆ 120 ಪೌಂಡುಗಳಷ್ಟು ಒತ್ತಡದ ಗಾಳಿ ತುಂಬಿ ಓಡಿಸುತ್ತಿದ್ದರು. ಸಾಮಾನ್ಯ ಕಾರಿನ ಟೈರಿನಲ್ಲಿ ಇರುವುದು ಸುಮಾರು 30 ಪೌಂಡು. ಅದರ ನಾಲ್ಕು ಪಟ್ಟು!

ಇಂದು ಅದೇ ಪಂದ್ಯಗಳಲ್ಲಿ 28, 30 ಮಿ.ಮೀ. ಅಗಲದ ಟೈರುಗಳು ಓಡುತ್ತಿವೆ. ಒತ್ತಡ 70 ಪೌಂಡಿನ ಆಸುಪಾಸಿಗೆ ಇಳಿದಿದೆ. ಆದರೂ ಪಂದ್ಯಗಳ ವೇಗ ಇಳಿದಿಲ್ಲ. ಹಾಗಾದರೆ ಹೆಬ್ಬೆರಳು ಹೇಳುತ್ತಿದ್ದುದು ಸುಳ್ಳೇ? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ನಾವು ತಲುಪುವುದು ರಸ್ತೆಗಲ್ಲ, ಬೆಟ್ಟಕ್ಕೆ. ರಸ್ತೆಯ ಸೈಕಲ್ಲನ್ನು ಬದಲಿಸಿದ ಹಲವು ಉಪಾಯಗಳು ಮೊದಲು ಹುಟ್ಟಿದ್ದು, ಇಲ್ಲವೇ ಮೊದಲು ಪಳಗಿದ್ದು, ಕಲ್ಲುಮುಳ್ಳಿನ ಹಾದಿಯಲ್ಲಿ ಓಡುವ 'ಮೌಂಟನ್ ಬೈಕು'ಗಳಲ್ಲಿ. (ಬೈಕು ಎಂದರೆ ನಮ್ಮಲ್ಲಿ ಮೋಟಾರು ಇರುವಂಥದ್ದು. ಇಲ್ಲಿ ಹೇಳುತ್ತಿರುವುದು ತುಳಿಯುವ ಸೈಕಲ್ಲಿನ ಬಗ್ಗೆಯೇ. ಆದ್ದರಿಂದ ಮುಂದೆ ಬೆಟ್ಟದ ಸೈಕಲ್ಲು, ರಸ್ತೆ ಸೈಕಲ್ಲು ಎಂದೇ ಕರೆಯೋಣ.)

ಈ ವಲಸೆಯನ್ನು ಅರಿಯಲು ಒಂದು ಕಂಪನಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳುವುದು ಅನುಕೂಲ. ಅದು ಅಮೆರಿಕದ ಕ್ಯಾಲಿಫೋರ್ನಿಯಾದ 'ಸ್ಪೆಷಲೈಸ್ಡ್'.

ಬೊಡ್ಡೆ ಹಾರುವ ಸೈಕಲ್ಲು

1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಜಿಲ್ಲೆಯ ಕೆಲವು ಯುವಕರು ಹಳೆಯ, ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡದ ಮೇಲಕ್ಕೆ ಸಾಗಿಸಿ ಅಲ್ಲಿಂದ ಕಡಿದಾದ ಮಣ್ಣುಹಾದಿಯಲ್ಲಿ ಇಳಿಯುವ ಆಟ ಹೂಡಿದರು. 1976ರಲ್ಲಿ ಇದು ಪಂದ್ಯವೇ ಆಯಿತು. ಪಂದ್ಯದ ಹೆಸರು 'ರೀಪ್ಯಾಕ್'. ಈ ಹೆಸರಿನಲ್ಲೇ ಭೌತವಿಜ್ಞಾನದ ಒಂದು ಪಾಠ ಅಡಗಿದೆ. ಆ ಸೈಕಲ್ಲುಗಳಲ್ಲಿದ್ದುದು ಪೆಡಲನ್ನು ಹಿಂದಕ್ಕೆ ತುಳಿದರೆ ಚಕ್ರದ ಹಬ್‌ನೊಳಗೆ ಹಿಡಿಯುವ ಬ್ರೇಕು. ಹಾದಿ ಸುಮಾರು 400 ಮೀಟರ್ ಕೆಳಗಿಳಿಯುತ್ತಿತ್ತು. ಸವಾರ ಮತ್ತು ಸೈಕಲ್ಲು ಸೇರಿ 90 ಕಿ.ಗ್ರಾಂ ಎಂದುಕೊಂಡರೆ ಇಳಿಯುವಾಗ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 3.5 ಲಕ್ಷ ಜೂಲ್. ಒಂದು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಕ್ತಿ ಸಾಕು. ಇದರಲ್ಲಿ ಬಹುಪಾಲು ಹಿಡಿಗಾತ್ರದ ಆ ಹಬ್‌ನೊಳಗೆ ಶಾಖವಾಗುತ್ತಿತ್ತು. ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಇಳಿತದ ನಂತರ ಹಬ್ ಬಿಚ್ಚಿ ಗ್ರೀಸನ್ನು ಮತ್ತೆ ತುಂಬಬೇಕಿತ್ತು. ಹೀಗೆ ಮತ್ತೆ ತುಂಬುವುದೇ 'ರೀಪ್ಯಾಕ್'.

ಬೆಟ್ಟದ ಸೈಕಲ್ಲಿನ ವಿನ್ಯಾಸಕಾರರು ಮೊದಲ ದಿನದಿಂದಲೂ ಎದುರಿಸಿದ್ದು ಇಂಥ ಪ್ರಶ್ನೆಗಳನ್ನು: ನಿಲ್ಲಿಸುವುದು ಹೇಗೆ, ಏಟನ್ನು ತಡೆದುಕೊಳ್ಳುವುದು ಹೇಗೆ, ಚಕ್ರ ನೆಲವನ್ನು ಬಿಡದಂತೆ ಮಾಡುವುದು ಹೇಗೆ. ರಸ್ತೆ ಸೈಕಲ್ಲಿನವರ ತಲೆಯಲ್ಲಿ ಇದ್ದುದು ಬೇರೆಯೇ ಪ್ರಶ್ನೆಗಳು. ತೂಕ ಎಷ್ಟು ಇಳಿಸಬಹುದು, ಗಾಳಿಯನ್ನು ಎಷ್ಟು ಸೀಳಬಹುದು ಎಂಬುದೇ ಅವರ ಚಿಂತೆ.

1977ರಲ್ಲಿ ಜೋ ಬ್ರೀಜ್ ಈ ಆಟಕ್ಕೆಂದೇ ಹೊಸ ಚೌಕಟ್ಟು ಕಟ್ಟಿದರು. ಅದರ ಬೆನ್ನಿಗೆ ಟಾಮ್ ರಿಚಿ ಕಟ್ಟಿದ ಚೌಕಟ್ಟುಗಳನ್ನು ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಮಾರತೊಡಗಿದರು. ಇವೆಲ್ಲ ಕೈಯಲ್ಲಿ ಒಂದೊಂದಾಗಿ ಕಟ್ಟಿದವು, ದುಬಾರಿಯಾದವು. ಕಾರ್ಖಾನೆಯಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಾಗಿ ಅಂಗಡಿಗೆ ಬಂದ ಮೊದಲ ಬೆಟ್ಟದ ಸೈಕಲ್ಲು ಎಂಬ ಹೆಸರು ಸ್ಪೆಷಲೈಸ್ಡ್ ಕಂಪನಿಯ 'ಸ್ಟಂಪ್‌ಜಂಪರ್'ಗೆ ಸಲ್ಲುತ್ತದೆ. ಮರದ ಬೊಡ್ಡೆಗಳನ್ನು ಹಾರುವಂಥದ್ದು ಎಂದು ಇದರ ಅರ್ಥ. ಟಿಮ್ ನೀನನ್ ವಿನ್ಯಾಸ ಮಾಡಿದರು, ಜಪಾನಿನಲ್ಲಿ ತಯಾರಾಯಿತು. ವರ್ಷ 1981. ಕಂಪನಿಯ ಹೆಸರು ಮನೆಮಾತಾದದ್ದು ಇದರಿಂದಲೇ. 1990ರಲ್ಲಿ ನಡೆದ ಬೆಟ್ಟದ ಸೈಕಲ್ಲುಗಳ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ಪನ್ನು ಗೆದ್ದ ನೆಡ್ ಓವರೆಂಡ್ ಕೂಡ ಇದೇ ಕಂಪನಿಯ ಸವಾರರು.

ಇಲ್ಲಿ ಒಂದು ಸ್ವಾರಸ್ಯವಿದೆ. ಮೈಕ್ ಸಿನ್ಯಾರ್ಡ್ 1974ರಲ್ಲಿ ಈ ಕಂಪನಿ ಆರಂಭಿಸಿದ್ದು ಇಟಲಿಯಿಂದ ರಸ್ತೆ ಸೈಕಲ್ಲಿನ ಬಿಡಿಭಾಗಗಳನ್ನು ತರಿಸಿ ಮಾರಲು. 1976ರಲ್ಲಿ ಬಂದ ಅದರ ಸ್ವಂತ ಉತ್ಪನ್ನ ಸೈಕಲ್ಲಲ್ಲ, ದೂರ ಪ್ರಯಾಣದ ಒಂದು ಟೈರು. ಸ್ಟಂಪ್‌ಜಂಪರ್ ಬಂದ 1981ರಲ್ಲೇ 'ಅಲೆ' ಮತ್ತು 'ಸೆಕೋಯ' ಎಂಬ ಎರಡು ರಸ್ತೆ ಸೈಕಲ್ಲುಗಳೂ ಬಂದವು, ಅವೂ ನೀನನ್ ಅವರ ಕೈಯಿಂದಲೇ. ಆದರೆ ಬೊಡ್ಡೆ ಹಾರುವ ಸೈಕಲ್ಲಿನ ಗದ್ದಲದಲ್ಲಿ ಅವು ಮರೆಯಾದವು. ಇಂದು ಈ ಕಂಪನಿಗೆ ಎರಡೂ ಬಗೆಯಲ್ಲಿ ಹೆಸರಿದೆ. 80 ಮತ್ತು 90ರ ದಶಕಗಳಲ್ಲಿ ಮಾತ್ರ ರಸ್ತೆ ಸವಾರರ ಕಣ್ಣಿಗೆ ಅದು ಬೆಟ್ಟದವರ ಕಂಪನಿಯಾಗಿತ್ತು.

ಎರಡರ ಲೆಕ್ಕವೇ ಬೇರೆ

ಸಮತಟ್ಟಾದ ನೆಲದಲ್ಲಿ ಸೈಕಲ್ಲನ್ನು ತಡೆಯುವ ಬಲಗಳು ಮುಖ್ಯವಾಗಿ ಎರಡು. ಒಂದು ಗಾಳಿಯ ರೋಧ, ಇನ್ನೊಂದು ಟೈರು ಉರುಳುವಾಗಿನ ರೋಧ. ಚೈನು, ಬೇರಿಂಗುಗಳಲ್ಲಿ ಆಗುವ ನಷ್ಟ ಚಿಕ್ಕದು, ಬಿಟ್ಟುಬಿಡೋಣ.

ಗಾಳಿಯ ರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದನ್ನು ಗೆಲ್ಲಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣ. ವೇಗ ಎರಡರಷ್ಟಾದರೆ ಎಂಟರಷ್ಟು ಸಾಮರ್ಥ್ಯ ಬೇಕು. ಬಾಗಿ ಕುಳಿತ ರಸ್ತೆ ಸವಾರನಿಗೆ ಗಂಟೆಗೆ 18 ಕಿ.ಮೀ. ವೇಗದಲ್ಲಿ ಗಾಳಿಗಾಗಿ ಸುಮಾರು 24 ವಾಟ್ ಸಾಕಾದರೆ, 36 ಕಿ.ಮೀ. ವೇಗದಲ್ಲಿ ಸುಮಾರು 190 ವಾಟ್ ಬೇಕಾಗುತ್ತದೆ. ಸವಾರ ಮತ್ತು ಸೈಕಲ್ಲಿನ ಒಟ್ಟು ತೂಕ 80 ಕಿ.ಗ್ರಾಂ ಎಂದಿಟ್ಟುಕೊಂಡರೆ ನಯವಾದ ಟೈರಿನ ಉರುಳುರೋಧಕ್ಕೆ ಅದೇ ವೇಗದಲ್ಲಿ ಇನ್ನೊಂದು 40 ವಾಟ್. ಒಟ್ಟು 230 ವಾಟ್. ಚೆನ್ನಾಗಿ ಪಳಗಿದ ಹವ್ಯಾಸಿ ಸವಾರ ಇಷ್ಟನ್ನು ಒಂದು ಗಂಟೆ ಕೊಡಬಲ್ಲ.

ಅದೇ ಮನುಷ್ಯ ಬೆಟ್ಟದ ಸೈಕಲ್ಲಿನ ಮೇಲೆ ನೆಟ್ಟಗೆ ಕುಳಿತು, ಗಂಟುಗಂಟಾದ ಟೈರುಗಳ ಮೇಲೆ ರಸ್ತೆಗೆ ಬಂದನೆನ್ನಿ. ಎದೆಗೆ ಬಡಿಯುವ ಗಾಳಿ ಹೆಚ್ಚು. ಟೈರಿನ ರೋಧ ಎರಡು ಪಟ್ಟಿಗೂ ಮೇಲೆ. ಗಂಟೆಗೆ 36 ಕಿ.ಮೀ. ಓಡಿಸಲು ಅವನಿಗೆ 390 ವಾಟ್‌ಗೂ ಹೆಚ್ಚು ಬೇಕು. ಅಷ್ಟು ಅವನ ಕಾಲಿನಲ್ಲಿಲ್ಲ. 230 ವಾಟ್‌ನಲ್ಲಿ ಅವನ ಸೈಕಲ್ಲು ಸುಮಾರು 29 ಕಿ.ಮೀ. ವೇಗಕ್ಕೆ ನಿಂತುಬಿಡುತ್ತದೆ.

ಆದ್ದರಿಂದ ಬೆಟ್ಟದ ಸೈಕಲ್ಲಿಗೆ ಸಣ್ಣ ಟೈರು, ಬಾಗಿದ ಹ್ಯಾಂಡಲ್ಲು ಹಾಕಿದ ಮಾತ್ರಕ್ಕೆ ಅದು ರಸ್ತೆ ಸೈಕಲ್ಲಾಗುವುದಿಲ್ಲ. ಹಿಡಿತ, ಕೋನ, ಚೌಕಟ್ಟು ಎಲ್ಲವನ್ನೂ ಬೇರೆಯಾಗಿಯೇ ಯೋಚಿಸಬೇಕು. ಹೀಗಿರುವಾಗ ಬೆಟ್ಟದವರ ಅನುಭವ ರಸ್ತೆಗೆ ಯಾವ ರೀತಿಯಲ್ಲಿ ಉಪಯೋಗಕ್ಕೆ ಬಂದೀತು?

ಮೊದಲು ದಾಟಿದ್ದು ಲೋಹ ಮತ್ತು ಆಕಾರ. ಅಲ್ಯೂಮಿನಿಯಮ್ಮಿನೊಳಗೆ ಅಲ್ಯೂಮಿನಿಯಮ್ ಆಕ್ಸೈಡಿನ ಸೂಕ್ಷ್ಮ ಕಣಗಳನ್ನು ಬೆರೆಸಿದ 'ಎಂ2' ಎಂಬ ಸಂಯುಕ್ತ ಲೋಹವನ್ನು ಸ್ಪೆಷಲೈಸ್ಡ್ 1990ರ ದಶಕದ ಆರಂಭದಲ್ಲಿ ಸ್ಟಂಪ್‌ಜಂಪರಿಗೆ ಬಳಸಿತು. ನಂತರ ಅದೇ ಲೋಹದ 'ಅಲೆ' ಬಂತು. ಹ್ಯಾಂಡಲ್ಲನ್ನು ಫೋರ್ಕಿನ ಕೊಳವೆಗೆ ಹೊರಗಿನಿಂದ ಅಪ್ಪಿ ಹಿಡಿಸುವ, ಮರೆಯಿಲ್ಲದ ಕೊಳವೆಯ ಜೋಡಣೆಯೂ ಬೆಟ್ಟದಲ್ಲಿ ಮೊದಲು ರೂಢಿಗೆ ಬಂತು. ಇಂದು ಎಲ್ಲ ಒಳ್ಳೆಯ ಸೈಕಲ್ಲುಗಳಲ್ಲಿ ಇರುವುದು ಅದೇ. ಚೌಕಟ್ಟಿನ ಮೇಲಿನ ಕೊಳವೆಯನ್ನು ಸೀಟಿನ ಕಡೆಗೆ ಇಳಿಜಾರಾಗಿಸುವ ರೂಢಿಯೂ ಬೆಟ್ಟದ್ದೇ. ಅದನ್ನು ರಸ್ತೆಗೆ ತಂದು ಸಾಧಿಸಿ ತೋರಿಸಿದ್ದು ತೈವಾನಿನ ಜೈಂಟ್ ಕಂಪನಿ, 1997ರಲ್ಲಿ ಮೈಕ್ ಬರೋಸ್ ವಿನ್ಯಾಸದ 'ಟಿಸಿಆರ್' ಮೂಲಕ. ಇವೆಲ್ಲ ಉಪಯುಕ್ತವೇ. ಆದರೆ ನಿಜವಾದ ಪರೀಕ್ಷೆ ನಡೆದದ್ದು ಫ್ರಾನ್ಸಿನ ಕಲ್ಲುಹಾಸಿನ ಮೇಲೆ.

ಸೆಕೆಂಡಿಗೆ 67 ಏಟು

ಉತ್ತರ ಫ್ರಾನ್ಸಿನಲ್ಲಿ 1896ರಿಂದ ನಡೆಯುತ್ತಿರುವ ಪ್ಯಾರಿಸ್–ರೂಬೆ ಪಂದ್ಯದ ದೂರ ಸುಮಾರು 257 ಕಿ.ಮೀ. ಇದರಲ್ಲಿ ಸುಮಾರು 55 ಕಿ.ಮೀ. ಹಳ್ಳಿಗಾಡಿನ ಹಳೆಯ ಕಲ್ಲುಹಾಸು. ಕಲ್ಲೊಂದು ಸುಮಾರು 15 ಸೆಂ.ಮೀ. ಉದ್ದ ಎಂದುಕೊಂಡರೆ, ಗಂಟೆಗೆ 36 ಕಿ.ಮೀ. ವೇಗದಲ್ಲಿ ಪ್ರತಿ ಚಕ್ರಕ್ಕೂ ಸೆಕೆಂಡಿಗೆ ಸುಮಾರು 67 ಏಟು ಬೀಳುತ್ತದೆ. ಇದರ ಪರಿಣಾಮ ಕೇವಲ ನೋವಲ್ಲ. ಅಂಗೈಯ ಬುಡದಲ್ಲಿ ಹಾದುಹೋಗುವ ನರವು ಹ್ಯಾಂಡಲ್ಲಿನ ಏಟಿಗೆ ಸಿಕ್ಕಿ ಕಿರುಬೆರಳು ಮತ್ತು ಉಂಗುರದ ಬೆರಳು ಜೋಮು ಹಿಡಿಯುತ್ತವೆ. ಹಿಡಿತ ಸಡಿಲವಾಗುತ್ತದೆ. ಬ್ರೇಕು ಹಿಡಿಯಬೇಕಾದ ಕೈಯೇ ಕೆಲಸ ಮಾಡದಿದ್ದರೆ ಏನಾದೀತೆಂದು ಹೇಳಬೇಕಿಲ್ಲ. ದಿನವಿಡೀ ಕೆಟ್ಟ ರಸ್ತೆಯಲ್ಲಿ ಸೈಕಲ್ಲು ತುಳಿಯುವ ಹಾಲಿನವರು, ಪತ್ರಿಕೆ ಹಂಚುವವರು ಈ ಜೋಮನ್ನು ಬಲ್ಲರು.

1989ರಲ್ಲಿ ಆರಂಭವಾದ ರಾಕ್‌ಶಾಕ್ಸ್ ಎಂಬ ಕಂಪನಿ ಬೆಟ್ಟದ ಸೈಕಲ್ಲುಗಳಿಗೆ ಮೋಟಾರು ಸೈಕಲ್ಲಿನಂಥ, ಒಳಗೆ ಕುಗ್ಗಿ ಹಿಗ್ಗುವ ಮುಂದಿನ ಫೋರ್ಕನ್ನು ಮಾಡುತ್ತಿತ್ತು. ಅದನ್ನೇ ಚಿಕ್ಕದು ಮಾಡಿ ರಸ್ತೆ ಸೈಕಲ್ಲಿಗೆ ಹಾಕಿದರು. ಫ್ರಾನ್ಸಿನ ಜಿಲ್ಬೆರ್ ದ್ಯುಕ್ಲೊ-ಲಸಾಲ್ 1992ರಲ್ಲಿ, ತನ್ನ 37ನೇ ವಯಸ್ಸಿನಲ್ಲಿ, ಈ ಫೋರ್ಕಿನೊಂದಿಗೆ ಪ್ಯಾರಿಸ್–ರೂಬೆ ಗೆದ್ದರು. ಮರುವರ್ಷ ಮತ್ತೆ ಗೆದ್ದರು. 1994ರಲ್ಲಿ ಗೆದ್ದ ಆಂದ್ರೇ ಚ್ಮಿಲ್ ಅವರ ಸೈಕಲ್ಲಿನಲ್ಲೂ ಇಂಥದ್ದೇ ಫೋರ್ಕು. ಸತತ ಮೂರು ವರ್ಷ! ಆದರೂ ರಸ್ತೆ ಸವಾರರು ಅದನ್ನು ಉಳಿಸಿಕೊಳ್ಳಲಿಲ್ಲ. ತೂಕ ಒಂದು ಕಾರಣ. ಇನ್ನೊಂದು, ಎದ್ದು ನಿಂತು ತುಳಿಯುವಾಗ ಫೋರ್ಕು ತಾನೂ ಕುಗ್ಗುತ್ತಾ ಹಿಗ್ಗುತ್ತಾ ಕಾಲಿನ ಶಕ್ತಿಯಲ್ಲಿ ಒಂದು ಪಾಲು ನುಂಗುತ್ತದೆ. ಮುಂದಿನ ಬ್ರೇಕು ಹಿಡಿದಾಗ ಮುಗ್ಗರಿಸುತ್ತದೆ. ಪಂದ್ಯದ ಉಳಿದ 200 ಕಿ.ಮೀ. ನಯವಾದ ಡಾಂಬರಿನ ಮೇಲೆ ಅದು ಬರೀ ಹೊರೆ.

ಸುಮಾರು ಹತ್ತು ವರ್ಷಗಳ ನಂತರ, 2004ರ ಹೊತ್ತಿಗೆ, ಸ್ಪೆಷಲೈಸ್ಡ್ ಆ ಊರಿನ ಹೆಸರನ್ನೇ ಇಟ್ಟು 'ರೂಬೆ' ಎಂಬ ರಸ್ತೆ ಸೈಕಲ್ಲನ್ನು ತಂದಿತು. ಕಾರ್ಬನ್ ಎಳೆಯ ಚೌಕಟ್ಟು, ತುಸು ಎತ್ತರದ ಹ್ಯಾಂಡಲ್ಲು, ಉದ್ದನೆಯ ಚಕ್ರಾಂತರ. ಜೊತೆಗೆ ಫೋರ್ಕಿನ ಕಾಲುಗಳಲ್ಲಿ ಮತ್ತು ಹಿಂದಿನ ಕೊಳವೆಗಳಲ್ಲಿ ರಂಧ್ರ ಮಾಡಿ ಅದರೊಳಗೆ ರಬ್ಬರಿನಂಥ ತುಂಡುಗಳನ್ನು ಕೂರಿಸಿದ್ದರು. ಅವು ಕಂಪನವನ್ನು ಹೀರುತ್ತವೆ ಎಂಬುದು ಕಂಪನಿಯ ಪ್ರಚಾರ. ಟಾಮ್ ಬೋನನ್ 2008 ಮತ್ತು 2009ರಲ್ಲಿ ಈ ಸೈಕಲ್ಲಿನ ಮೇಲೆ ಪ್ಯಾರಿಸ್–ರೂಬೆ ಗೆದ್ದದ್ದರಿಂದ ಪ್ರಚಾರಕ್ಕೆ ಇನ್ನಷ್ಟು ಬಲ ಬಂತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ರಬ್ಬರು ಶಕ್ತಿಯನ್ನು ಹೀರಬೇಕಾದರೆ ಅದು ಕುಗ್ಗಬೇಕು, ಹಿಗ್ಗಬೇಕು. ಸುತ್ತಲಿನ ಕಾರ್ಬನ್ ಗೋಡೆ ಗಟ್ಟಿಯಾಗಿ ನಿಂತಿದ್ದರೆ ಒಳಗಿನ ರಬ್ಬರಿಗೆ ಕೆಲಸವೇ ಇರುವುದಿಲ್ಲ. ನೆಲದಿಂದ ಸೀಟಿನವರೆಗೆ ಲೆಕ್ಕ ಹಾಕಿ: ಟೈರು, ಚಕ್ರ, ಚೌಕಟ್ಟು, ಸೀಟಿನ ಕಂಬ, ಸೀಟು. ಇವು ಒಂದರ ಮೇಲೊಂದು ಸಾಲಾಗಿ ಜೋಡಿಸಿದ ಸ್ಪ್ರಿಂಗುಗಳು. ಸರಣಿಯಲ್ಲಿರುವ ಸ್ಪ್ರಿಂಗುಗಳಲ್ಲಿ ಎಲ್ಲದರ ಮೇಲೂ ಒಂದೇ ಬಲ ಬೀಳುತ್ತದೆ, ಆದರೆ ಬಹುಪಾಲು ಬಾಗುವುದು ಎಲ್ಲಕ್ಕಿಂತ ಮೆದುವಾದದ್ದು. ಸವಾರ ಕುಳಿತಾಗ ಟೈರು ಕೆಲವು ಮಿಲಿಮೀಟರು ತಗ್ಗಿದರೆ, ತ್ರಿಕೋನಗಳಿಂದ ಕಟ್ಟಿದ ಚೌಕಟ್ಟು ಲಂಬ ದಿಕ್ಕಿನಲ್ಲಿ ಒಂದು ಮಿಲಿಮೀಟರೂ ಬಾಗುವುದಿಲ್ಲ. ಅಂಥ ಚೌಕಟ್ಟಿನೊಳಗಿನ ಒಂದು ತುಂಡು ರಬ್ಬರು ಎಷ್ಟು ಕೆಲಸ ಮಾಡೀತು? ನನ್ನ ಮಟ್ಟಿಗೆ, ಆ ಗೆಲುವಿನಲ್ಲಿ ರಬ್ಬರಿಗಿಂತ ಟೈರು ಮತ್ತು ಬೋನನ್ ಅವರ ತೊಡೆಗಳ ಪಾಲು ದೊಡ್ಡದು. ಕಂಪನಿಯೂ ಮುಂದೆ ಆ ತುಂಡುಗಳನ್ನು ಕೈಬಿಟ್ಟಿತು.

ಕೈಬಿಟ್ಟು 2016ರಲ್ಲಿ ತಂದದ್ದು ಹೆಚ್ಚು ಬುದ್ಧಿವಂತಿಕೆಯ ಉಪಾಯ. ಹ್ಯಾಂಡಲ್ಲು ಫೋರ್ಕಿನ ಕೊಳವೆಯನ್ನು ಸೇರುವ ಜಾಗದಲ್ಲಿ, ಸ್ಪ್ರಿಂಗಿರುವ ಒಂದು ಸಣ್ಣ ಕೊಳವೆ. ಹ್ಯಾಂಡಲ್ಲು 20 ಮಿ.ಮೀ. ಮೇಲೆ ಕೆಳಗೆ ಆಡುತ್ತದೆ, ಅಷ್ಟೆ. ರಾಕ್‌ಶಾಕ್ಸ್ ಫೋರ್ಕಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿ. ಫೋರ್ಕಿನಲ್ಲಿ ಚಕ್ರ ಮೇಲೇಳುತ್ತದೆ, ಅದರ ಮೇಲಿನ ಸೈಕಲ್ಲು ಮತ್ತು ಸವಾರ ಇಬ್ಬರೂ ನೆಮ್ಮದಿಯಾಗಿರುತ್ತಾರೆ. ಹೊಸ ಏರ್ಪಾಟಿನಲ್ಲಿ ಸೈಕಲ್ಲು ಇಡಿಯಾಗಿ ರಸ್ತೆಯೊಡನೆ ಕುಣಿಯುತ್ತದೆ, ಸವಾರನ ಕೈ ಮಾತ್ರ ತೇಲುತ್ತಿರುತ್ತದೆ. ಕುಗ್ಗಿದಾಗ ಚೌಕಟ್ಟಿನ ಕೋನ ಬದಲಾಗುವುದಿಲ್ಲ. ಬ್ರೇಕು ಹಿಡಿದಾಗ ಸೈಕಲ್ಲಿನ ಮೂತಿ ತಗ್ಗುವುದಿಲ್ಲ. ತೂಕವೂ ಕಡಿಮೆ. ಬೆಟ್ಟದಲ್ಲಿ ಇಷ್ಟು ಸಾಲದು. ಅಲ್ಲಿ ಚಕ್ರವೇ ಬಂಡೆಯನ್ನು ಹತ್ತಿ ಇಳಿಯಬೇಕು. ರಸ್ತೆಯ ಏಟು ಚಿಕ್ಕದು, ಆದರೆ ಎಡೆಬಿಡದ್ದು. ಕೈಯನ್ನು ಕಾಪಾಡಿದರೆ ಅರ್ಧ ಗೆದ್ದಂತೆ. 2018ರಲ್ಲಿ ಪೀಟರ್ ಸಗಾನ್, 2019ರಲ್ಲಿ ಫಿಲಿಪ್ ಜಿಲ್ಬೆರ್ ಈ ಬಗೆಯ ಸೈಕಲ್ಲಿನಲ್ಲಿ ಅದೇ ಪಂದ್ಯ ಗೆದ್ದರು.

ಸ್ಪ್ರಿಂಗು ಕೈಯನ್ನು ಕಾಪಾಡಿತು, ಸರಿ. ಕುಣಿಯುವ ಸೈಕಲ್ಲನ್ನು ನೆಲಕ್ಕೆ ಹಿಡಿದಿಡುವವರು ಯಾರು? ಮತ್ತೆ ಟೈರೇ.

ಹೆಬ್ಬೆರಳು ತಪ್ಪಿದ್ದೆಲ್ಲಿ?

ಟೈರು ಉರುಳುವಾಗ ನೆಲ ಮುಟ್ಟುವ ಭಾಗ ಚಪ್ಪಟೆಯಾಗಿ, ಮತ್ತೆ ದುಂಡಗಾಗುತ್ತದೆ. ರಬ್ಬರು ಮತ್ತು ನೂಲಿನ ಪದರ ಬಾಗುವಾಗ ಪಡೆದ ಶಕ್ತಿಯನ್ನು ಪೂರ್ತಿಯಾಗಿ ಹಿಂತಿರುಗಿಸುವುದಿಲ್ಲ. ಒಂದು ಪಾಲು ಶಾಖವಾಗುತ್ತದೆ. ಉರುಳುರೋಧದ ಮೂಲ ಇದೇ. ಗಾಳಿ ಗಟ್ಟಿಯಾದಷ್ಟೂ ಬಾಗುವುದು ಕಡಿಮೆ, ನಷ್ಟವೂ ಕಡಿಮೆ. ಹಿಂದಿನ ಚಕ್ರದ ಮೇಲೆ 45 ಕಿ.ಗ್ರಾಂ ಭಾರವಿದೆ ಎನ್ನೋಣ. 120 ಪೌಂಡು ಒತ್ತಡದಲ್ಲಿ ನೆಲ ಮುಟ್ಟುವ ಭಾಗ ಸುಮಾರು 5 ಚದರ ಸೆಂ.ಮೀ. 60 ಪೌಂಡಿನಲ್ಲಿ ಅದರ ಎರಡರಷ್ಟು. ಪ್ರಯೋಗಾಲಯದಲ್ಲಿ ಟೈರನ್ನು ನುಣುಪಾದ ಉಕ್ಕಿನ ಉರುಳೆಯ ಮೇಲೆ ಓಡಿಸಿ ಅಳೆದರೆ ಒತ್ತಡ ಏರಿಸಿದಷ್ಟೂ ರೋಧ ಇಳಿಯುತ್ತದೆ. ಹೆಬ್ಬೆರಳಿನ ನಂಬಿಕೆಯನ್ನು ಈ ಅಳತೆಗಳು ಗಟ್ಟಿ ಮಾಡಿದವು.

ಉರುಳೆಯ ಮೇಲೆ ಇಲ್ಲದಿದ್ದುದು ಎರಡು: ಒರಟು ರಸ್ತೆ ಮತ್ತು ಮನುಷ್ಯ. ಕಲ್ಲಿನಂಥ ಟೈರು ಒಂದು ಚಿಕ್ಕ ಉಬ್ಬನ್ನು ನುಂಗಲಾರದು. ಅದರ ಮೇಲೆ ಹತ್ತಬೇಕು. ಹತ್ತುವಾಗ ಸೈಕಲ್ಲು, ಸವಾರ ಎಲ್ಲರೂ ಕೂದಲೆಳೆಯಷ್ಟು ಮೇಲೇಳುತ್ತಾರೆ. ಈ ಏಳುವಿಕೆಗೆ ಬೇಕಾದ ಶಕ್ತಿ ಬಂದದ್ದು ಮುಂದಿನ ಚಲನೆಯಿಂದ. ಇಳಿಯುವಾಗ ಅದು ಹಿಂತಿರುಗಬಾರದೇ? ಉಕ್ಕಿನ ಗುಂಡಾಗಿದ್ದರೆ ಹಿಂತಿರುಗುತ್ತಿತ್ತೇನೋ. ಮನುಷ್ಯನ ದೇಹ ಬಹಳ ಕೆಟ್ಟ ಸ್ಪ್ರಿಂಗು. ಸ್ನಾಯು, ಕೊಬ್ಬು, ಕರುಳು ಎಲ್ಲ ಅದುರಿ ಆ ಶಕ್ತಿಯನ್ನು ಶಾಖ ಮಾಡಿಬಿಡುತ್ತವೆ. ಸೆಕೆಂಡಿಗೆ ಹತ್ತಾರು ಬಾರಿ ಹೀಗಾದರೆ ನಷ್ಟ ಸಣ್ಣದಲ್ಲ. ಮೆದುವಾದ ಟೈರು ಉಬ್ಬನ್ನು ತನ್ನೊಳಗೇ ಎಳೆದುಕೊಳ್ಳುತ್ತದೆ. ಗಾಳಿ ಒಳ್ಳೆಯ ಸ್ಪ್ರಿಂಗು. ಪಡೆದದ್ದರಲ್ಲಿ ಹೆಚ್ಚಿನ ಪಾಲನ್ನು ಹಿಂದಕ್ಕೆ ಕೊಡುತ್ತದೆ.

ಹೀಗೆ ಒಟ್ಟು ನಷ್ಟದಲ್ಲಿ ಎರಡು ಪಾಲು. ಒತ್ತಡ ಏರಿದರೆ ಟೈರು ಬಾಗುವ ನಷ್ಟ ಇಳಿಯುತ್ತದೆ, ದೇಹ ಅದುರುವ ನಷ್ಟ ಏರುತ್ತದೆ. ಎರಡನ್ನೂ ಕೂಡಿದರೆ ನಡುವೆಲ್ಲೋ ಒಂದು ಕನಿಷ್ಠ ಬಿಂದು ಸಿಗುತ್ತದೆ. ರಸ್ತೆ ಒರಟಾದಷ್ಟೂ ಆ ಬಿಂದು ಕೆಳಗಿನ ಒತ್ತಡಕ್ಕೆ ಜಾರುತ್ತದೆ. ಬೆಟ್ಟದ ಸವಾರರು ಇದನ್ನು ಸಮೀಕರಣವಿಲ್ಲದೆಯೇ ಕಂಡುಕೊಂಡಿದ್ದರು. ಅವರ ಟೈರು ಸುಮಾರು 50 ಮಿ.ಮೀ. ಅಗಲ, ಒತ್ತಡ 30–40 ಪೌಂಡು. ಇನ್ನೂ ಗಟ್ಟಿ ಮಾಡಿದರೆ ಸೈಕಲ್ಲು ಪುಟಿಯುತ್ತಿತ್ತು, ಚಕ್ರ ನೆಲ ಬಿಡುತ್ತಿತ್ತು, ಸವಾರ ಪೊದೆಯೊಳಗೆ ಬೀಳುತ್ತಿದ್ದ. ರಸ್ತೆಯಲ್ಲಿ ಇದೇ ತಪ್ಪಿಗೆ ಶಿಕ್ಷೆ ಅಷ್ಟು ಕೂಡಲೇ ಸಿಗುವುದಿಲ್ಲ. ಅದಕ್ಕೇ ಪಾಠ ತಡವಾಯಿತು. ಗಟ್ಟಿ ಟೈರಿನ ಮೇಲೆ ಕೈ ಜುಮ್ಮೆನ್ನುವುದನ್ನು ನಮ್ಮ ಮನಸ್ಸು ವೇಗವೆಂದೇ ತಿಳಿಯುತ್ತದೆ ಎಂಬುದೂ ಇನ್ನೊಂದು ಕಾರಣ.

ಅಗಲದ ಪಾತ್ರವನ್ನೂ ಹೇಳಬೇಕು. ಟೈರಿನ ಗೋಡೆಯಲ್ಲಿರುವ ಬಿಗಿತ ಎಂದರೆ ಒತ್ತಡ ಮತ್ತು ಟೈರಿನ ಅಡ್ಡಸೀಳಿನ ತ್ರಿಜ್ಯದ ಗುಣಲಬ್ಧ. 23 ಮಿ.ಮೀ. ಟೈರಿನಲ್ಲಿ 120 ಪೌಂಡು ಕೊಡುವ ಬಿಗಿತವನ್ನು 32 ಮಿ.ಮೀ. ಟೈರಿನಲ್ಲಿ 86 ಪೌಂಡೇ ಕೊಡುತ್ತದೆ. ಅಂದರೆ ಹೆಬ್ಬೆರಳಿಗೆ ಎರಡೂ ಹೆಚ್ಚುಕಡಿಮೆ ಒಂದೇ ಗಟ್ಟಿ ಎನಿಸಬಹುದು! ನಮ್ಮ ಬೆರಳು ಅಳೆಯುತ್ತಿದ್ದುದು ಒತ್ತಡವನ್ನೊಂದೇ ಅಲ್ಲ, ಬಿಗಿತವನ್ನೂ. ದಪ್ಪ ಟೈರಿಗೆ ಸಣ್ಣ ಟೈರಿನಷ್ಟು ಒತ್ತಡ ತುಂಬುವುದು ಅನಗತ್ಯ, ಅಪಾಯವೂ ಹೌದು; ಗೋಡೆಯ ಮೇಲೆ ಬೀಳುವ ಎಳೆತ ಅಷ್ಟು ಹೆಚ್ಚುತ್ತದೆ.

2023ರಲ್ಲಿ ಬಂದ ರೂಬೆಯ ಹೊಸ ಮಾದರಿಯ ಚೌಕಟ್ಟಿನಲ್ಲಿ 40 ಮಿ.ಮೀ. ಅಗಲದ ಟೈರಿಗೂ ಜಾಗವಿದೆ. ಸ್ಟಂಪ್‌ಜಂಪರ್ ಕಾಲದ ಬೆಟ್ಟದ ಟೈರಿಗೂ ಇದಕ್ಕೂ ಉಳಿದಿರುವ ಅಂತರ ಒಂದು ಸೆಂಟಿಮೀಟರಿನಷ್ಟು.

ನಿಲ್ಲಿಸುವ ಜಗಳ

ಅಗಲ ಟೈರು ರಸ್ತೆಗೆ ಬರಲು ಅಡ್ಡಿಯಾಗಿದ್ದುದು ಬ್ರೇಕು. ರಿಮ್ಮನ್ನು ಎರಡೂ ಬದಿಯಿಂದ ಒತ್ತುವ ಬ್ರೇಕಿನ ತೋಳುಗಳು ಟೈರನ್ನು ಬಳಸಿ ಬರಬೇಕು. ಟೈರು ದಪ್ಪವಾದರೆ ತೋಳು ಉದ್ದವಾಗಬೇಕು, ಉದ್ದವಾದರೆ ಬಾಗುತ್ತದೆ. ಮಳೆಯಲ್ಲಿ ರಿಮ್ಮು ನೆನೆದರೆ ಮೊದಲ ಕೆಲವು ಸುತ್ತು ಬ್ರೇಕು ಹಿಡಿಯುವುದೇ ಇಲ್ಲ. ಜೂನ್ ತಿಂಗಳಲ್ಲಿ ನಮ್ಮ ಹಳೆಯ ಸೈಕಲ್ಲುಗಳಲ್ಲಿ ಕಾಲು ನೆಲಕ್ಕೆ ಉಜ್ಜಿ ನಿಲ್ಲಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾರ್ಬನ್ ರಿಮ್ಮುಗಳಲ್ಲಿ ಇನ್ನೊಂದು ತೊಂದರೆ. ಉದ್ದನೆಯ ಇಳಿಜಾರಿನಲ್ಲಿ ರಿಮ್ಮು ಕಾದು, ಎಳೆಗಳನ್ನು ಹಿಡಿದಿರುವ ಅಂಟು ಮೆದುವಾಗುವ ಭಯ.

ಬೆಟ್ಟದವರು ಈ ಕೆಲಸವನ್ನು ರಿಮ್ಮಿನಿಂದ ತೆಗೆದು ಚಕ್ರದ ನಡುವಿನ ಉಕ್ಕಿನ ತಟ್ಟೆಗೆ ಎಂದೋ ಒಪ್ಪಿಸಿದ್ದರು. ಸುಮಾರು 160 ಮಿ.ಮೀ. ವ್ಯಾಸದ ತಟ್ಟೆ ಕೆಸರಿನಿಂದ, ನೀರಿನಿಂದ ದೂರ. ಕಾದರೂ ಟೈರಿಗೆ ಅಪಾಯವಿಲ್ಲ. ಆದರೆ ತ್ರಿಜ್ಯ ರಿಮ್ಮಿನ ನಾಲ್ಕನೇ ಒಂದರಷ್ಟಿರುವುದರಿಂದ ಅದೇ ತಿರುಗುಬಲಕ್ಕೆ ನಾಲ್ಕರಷ್ಟು ಘರ್ಷಣೆ ಬೇಕು. ಅದಕ್ಕಾಗಿ ತಂತಿಯ ಬದಲು ಎಣ್ಣೆಯ ಒತ್ತಡ. ಇದರ ಜೊತೆ ಇನ್ನೊಂದು ಬದಲಾವಣೆಯೂ ಅನಿವಾರ್ಯವಾಯಿತು. ಫೋರ್ಕಿನ ಕಾಲಿನ ತುದಿಯಲ್ಲಿ ಬ್ರೇಕು ಹಿಡಿದಾಗ ಅದರ ಪ್ರತಿಕ್ರಿಯೆ ಅಚ್ಚನ್ನು ಫೋರ್ಕಿನ ತೆರೆದ ಬಾಯಿಯಿಂದ ಕೆಳಕ್ಕೆ ನೂಕುತ್ತದೆ. ಆದ್ದರಿಂದ ಬೆಟ್ಟದ ಸೈಕಲ್ಲಿನಲ್ಲಿ ಬಾಯಿ ಮುಚ್ಚಿ, ಎರಡೂ ಕಾಲುಗಳ ಮೂಲಕ ಹಾದುಹೋಗುವ ದಪ್ಪ ಅಚ್ಚನ್ನು ತಂದರು. ಅದೂ ರಸ್ತೆಗೆ ಇಳಿಯಿತು.

ರಸ್ತೆ ಪಂದ್ಯಗಳಲ್ಲಿ ತಟ್ಟೆ ಬ್ರೇಕಿಗೆ ಪ್ರವೇಶ ಸುಲಭವಾಗಿ ಸಿಗಲಿಲ್ಲ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2016ರಲ್ಲಿ ಪ್ರಯೋಗಕ್ಕೆ ಅನುಮತಿ ಕೊಟ್ಟಿತ್ತು. ಆ ವರ್ಷದ ಪ್ಯಾರಿಸ್–ರೂಬೆಯಲ್ಲಿ ಗಾಯಗೊಂಡ ಸ್ಪೇನಿನ ಫ್ರಾನ್ಸಿಸ್ಕೊ ವೆಂತೊಸೊ, ತನ್ನ ಕಾಲನ್ನು ಸೀಳಿದ್ದು ಇಂಥ ತಟ್ಟೆಯೇ ಎಂದರು. ಪ್ರಯೋಗ ನಿಂತಿತು. ಗುಂಪಿನಲ್ಲಿ ಬಿದ್ದಾಗ ತಿರುಗುವ ತಟ್ಟೆ ಕತ್ತಿಯಾಗುತ್ತದೆಯೇ ಎಂಬ ಭಯವನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ತಟ್ಟೆಯ ಅಂಚನ್ನು ದುಂಡಗೆ ಮಾಡಿದ ಮೇಲೆ 2017ರಲ್ಲಿ ಪ್ರಯೋಗ ಮತ್ತೆ ಆರಂಭವಾಯಿತು. ಆ ವರ್ಷದ ಟೂರ್ ದ ಫ್ರಾನ್ಸ್‌ನಲ್ಲಿ ಮಾರ್ಸೆಲ್ ಕಿಟೆಲ್ ತಟ್ಟೆ ಬ್ರೇಕಿನ ಸೈಕಲ್ಲಿನ ಮೇಲೆ ಒಂದು ಹಂತ ಗೆದ್ದರು. ಟೂರ್‌ನಲ್ಲಿ ಅಂಥ ಗೆಲುವು ಅದೇ ಮೊದಲು. ಸೈಕಲ್ಲು ಸ್ಪೆಷಲೈಸ್ಡ್ ಕಂಪನಿಯದು. 2018ರಲ್ಲಿ ಪೂರ್ಣ ಅನುಮತಿ ಸಿಕ್ಕಿತು. ರಿಮ್ಮು ಬ್ರೇಕು ಈಗ ಪಂದ್ಯಗಳಲ್ಲಿ ಅಪರೂಪ.

ದಾಟದೆ ಉಳಿದದ್ದು

ಎಲ್ಲವೂ ಬೆಟ್ಟದಿಂದ ಬರಲಿಲ್ಲ. ಮುಂದಿನ ಚಕ್ರದ ಅಚ್ಚಿನ ಜಾಗ ಮತ್ತು ಹ್ಯಾಂಡಲ್ಲಿನ ಕೊಳವೆಯ ಓರೆ ಎರಡೂ ಸೇರಿ ಸೈಕಲ್ಲಿನ ಸ್ವಭಾವವನ್ನು ನಿರ್ಧರಿಸುತ್ತವೆ. ಕೊಳವೆಯ ರೇಖೆಯನ್ನು ನೆಲದವರೆಗೆ ಎಳೆದರೆ ಅದು ಟೈರು ನೆಲ ಮುಟ್ಟುವ ಬಿಂದುವಿಗಿಂತ ಮುಂದೆ ಬೀಳುತ್ತದೆ. ಈ ಅಂತರ ಹೆಚ್ಚಿದ್ದರೆ ಚಕ್ರ ತಾನಾಗಿ ನೇರಕ್ಕೆ ಬರಲು ನೋಡುತ್ತದೆ, ತಳ್ಳುಗಾಡಿಯ ಚಿಕ್ಕ ಚಕ್ರ ಎಳೆದ ಕಡೆಗೆ ತಿರುಗಿಕೊಳ್ಳುವ ಹಾಗೆ. ರಸ್ತೆ ಸೈಕಲ್ಲಿನಲ್ಲಿ ಇದು 57 ಮಿ.ಮೀ. ಆಸುಪಾಸು. ಇಂದಿನ ಬೆಟ್ಟದ ಸೈಕಲ್ಲಿನಲ್ಲಿ ಅದರ ಎರಡರಷ್ಟು. ಕಡಿದಾದ ಇಳಿಜಾರಿನಲ್ಲಿ ಅಷ್ಟು ಹಟಮಾರಿತನ ಬೇಕು. ಆದರೆ ಗುಂಪಿನ ನಡುವೆ ಅಂಗೈಯಗಲದ ಜಾಗದಲ್ಲಿ ನುಸುಳಬೇಕಾದ ರಸ್ತೆ ಸವಾರನಿಗೆ ಅದೇ ಕುತ್ತಾದೀತು.

ಕೆಲವು ಉಪಾಯಗಳು ಹಿಮ್ಮುಖವಾಗಿಯೂ ಹೋದವು. ಬೆಟ್ಟದ ಸೈಕಲ್ಲಿನ ಚಕ್ರ ಮೊದಲು 26 ಅಂಗುಲದ್ದು. ಈಗ ಅಲ್ಲಿ ಹೆಚ್ಚು ಬಳಕೆಯಲ್ಲಿರುವ '29 ಅಂಗುಲ'ದ ಚಕ್ರದಲ್ಲಿ ಟೈರು ಕೂರುವ ರಿಮ್ಮಿನ ವ್ಯಾಸ 622 ಮಿ.ಮೀ. ರಸ್ತೆ ಸೈಕಲ್ಲಿನ ರಿಮ್ಮಿನದೂ ಅಷ್ಟೇ. ದೊಡ್ಡ ಚಕ್ರ ಗುಂಡಿಗೆ ಬೀಳುವುದು ಕಡಿಮೆ ಎಂಬುದನ್ನು ಬೆಟ್ಟದವರು ರಸ್ತೆಯಿಂದ ಕಲಿತರೆನ್ನಬಹುದು. ಅಂದ ಹಾಗೆ, ನಮ್ಮ ಊರುಗಳ ಕಪ್ಪು ಬಣ್ಣದ 28 ಅಂಗುಲದ ಸೈಕಲ್ಲಿನಲ್ಲಿ ಈ ವ್ಯಾಸ 635 ಮಿ.ಮೀ., ಟೈರಿನ ಅಗಲ ಒಂದೂವರೆ ಅಂಗುಲ, ಅಂದರೆ 38 ಮಿ.ಮೀ. ದೊಡ್ಡ ಚಕ್ರ, ಅಗಲ ಟೈರು, ಮಿತವಾದ ಒತ್ತಡ. ಅದನ್ನು ಹಳೆಯ ಕಾಲದ್ದೆಂದು ಮೂಲೆಗೆ ಸರಿಸಿದವರು ಈ ಅಂಕಿಗಳನ್ನು ಇನ್ನೊಮ್ಮೆ ನೋಡಬಹುದು.

ನೀವೇ ಅಳೆದು ನೋಡಿ

ಇದಕ್ಕೆ ದುಬಾರಿ ಸೈಕಲ್ಲು ಬೇಡ. ವಾಹನ ಸಂಚಾರವಿಲ್ಲದ, ಕೊನೆಯಲ್ಲಿ ಸಮತಟ್ಟಾಗುವ ಒಂದು ಸಣ್ಣ ಇಳಿಜಾರನ್ನು ಹುಡುಕಿ. ಮೇಲೆ ಒಂದು ಗುರುತು ಮಾಡಿ, ಅಲ್ಲಿಂದ ಪೆಡಲು ತುಳಿಯದೆ, ಬ್ರೇಕು ಹಿಡಿಯದೆ ಇಳಿದು, ಸೈಕಲ್ಲು ನಿಂತ ಜಾಗಕ್ಕೆ ಸುಣ್ಣದ ಗುರುತು ಹಾಕಿ. ಟೈರಿನ ಬದಿಯಲ್ಲಿ ಒತ್ತಡದ ಮಿತಿ ಅಚ್ಚಾಗಿರುತ್ತದೆ. ಮೊದಲು ಆ ಗರಿಷ್ಠ ಮಿತಿಯಲ್ಲಿ, ಆಮೇಲೆ 10 ಪೌಂಡು ಇಳಿಸಿ, ಮತ್ತೆ 10 ಇಳಿಸಿ ನೋಡಿ. ಪ್ರತಿ ಒತ್ತಡದಲ್ಲೂ ಕನಿಷ್ಠ ಐದು ಬಾರಿ ಇಳಿದು ಸರಾಸರಿ ತೆಗೆಯಿರಿ. ಸವಾರರು ಬದಲಾಗಬಾರದು, ಕುಳಿತ ಭಂಗಿ ಮತ್ತು ಬಟ್ಟೆಯೂ ಬದಲಾಗಬಾರದು. ಗಾಳಿ ಬೀಸದ ಮುಂಜಾನೆಯ ಹೊತ್ತು ಒಳ್ಳೆಯದು. ಇದೇ ಪ್ರಯೋಗವನ್ನು ಒಮ್ಮೆ ನಯವಾದ ಕಾಂಕ್ರೀಟಿನ ಮೇಲೆ, ಒಮ್ಮೆ ಜಲ್ಲಿ ಎದ್ದ ಡಾಂಬರಿನ ಮೇಲೆ ಮಾಡಿ, ಎರಡರಲ್ಲೂ ಅತಿ ದೂರ ಓಡಿಸಿದ ಒತ್ತಡಗಳನ್ನು ಹೋಲಿಸಿ. ಟೈರಿನ ಕನಿಷ್ಠ ಮಿತಿಗಿಂತ ಕೆಳಗೆ ಮಾತ್ರ ಹೋಗಬೇಡಿ. ಗುಂಡಿಯಲ್ಲಿ ರಿಮ್ಮು ನೆಲಕ್ಕೆ ಬಡಿದರೆ ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಜೋಡಿ ತೂತು ಬಿದ್ದಿರುತ್ತದೆ.